ವೀರಗಲ್ಲಿನಿಂದ ಬಿಡುಗಡೆ ಪತ್ರದವರೆಗೆ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸೈನಿಕಸೇವೆಯ ದಾಖಲೆ

೧. ವಿಷಯದ ಸ್ವರೂಪ

ಸೇನೆಯಲ್ಲಿ ದುಡಿದು ಊರಿಗೆ ಹಿಂದಿರುಗುವ ಸಿಪಾಯಿಯ ಕೈಯಲ್ಲಿ ಉಳಿಯುವ ವಸ್ತುಗಳು ಬಹಳವಿಲ್ಲ. ಹೆಸರನ್ನೂ ಸಂಖ್ಯೆಯನ್ನೂ ಬಿಳಿಯ ಬಣ್ಣದಲ್ಲಿ ಬರೆಸಿದ ಕಪ್ಪು ತಗಡಿನ ಪೆಟ್ಟಿಗೆ, ಒಂದೆರಡು ಪದಕಗಳು, ಒಂದು ಕಂಬಳಿ, ಇವುಗಳ ಜೊತೆಗೆ ಒಂದು ಸಣ್ಣ ಪುಸ್ತಕ. ಈ ಪುಸ್ತಕವನ್ನು ಕಚೇರಿಗಳಲ್ಲಿ ಬಿಡುಗಡೆ ಪತ್ರವೆಂದೂ ಊರವರ ಮಾತಿನಲ್ಲಿ ಡಿಸ್ಚಾರ್ಜ್ ಬುಕ್ಕೆಂದೂ ಕರೆಯುತ್ತಾರೆ. ಪೆಟ್ಟಿಗೆ ತುಕ್ಕು ಹಿಡಿಯಬಹುದು, ಪದಕ ಮಾಸಬಹುದು; ಅದರಿಂದ ಮನೆಗೆ ಆಗುವ ನಷ್ಟ ಅಲ್ಪ. ಪುಸ್ತಕ ಹಾಳಾದರೆ ಮಾತ್ರ ಆ ಮನುಷ್ಯನು ಸೈನಿಕನಾಗಿದ್ದನೆಂಬ ಸಂಗತಿಯೇ ಕಾನೂನಿನ ದೃಷ್ಟಿಯಲ್ಲಿ ಸಂಶಯಾಸ್ಪದವಾಗುತ್ತದೆ.

ನಮ್ಮ ನಾಡಿನ ಸೈನಿಕ ಇತಿಹಾಸವನ್ನು ಬರೆದವರು ರಾಜರನ್ನು, ಕದನಗಳನ್ನು, ಕೋಟೆಗಳನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಯುದ್ಧ ಮುಗಿದ ಮೇಲೆ ಸಿಪಾಯಿ ತನ್ನ ಸೇವೆಯನ್ನು ಯಾವ ಆಧಾರದಿಂದ ರುಜುವಾತು ಮಾಡಿದನು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಅದಕ್ಕೆ ಹೋಲಿಸಿದರೆ ಸ್ವಲ್ಪವೇ. ಪ್ರಕೃತ ಲೇಖನದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸಲಾಗಿದೆ. ಪ್ರತಿಯೊಂದು ಕಾಲದ ದಾಖಲೆಯನ್ನೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸುವುದು ಉಚಿತ. ದಾಖಲೆಯನ್ನು ಬರೆದವರು ಯಾರು? ಅದನ್ನು ಕಾಯುವ ಹೊಣೆ ಯಾರದು? ಅದು ನಷ್ಟವಾದಾಗ ಆ ನಷ್ಟವನ್ನು ಹೊರಬೇಕಾದವರು ಯಾರು?

೨. ಕಲ್ಲಿನ ದಾಖಲೆ

ಈ ಸೀಮೆಯಲ್ಲಿ ಸೈನಿಕಸೇವೆಯ ಅತ್ಯಂತ ಹಳೆಯ ದಾಖಲೆಯೆಂದರೆ ವೀರಗಲ್ಲು. ಬಿ. ಎಲ್. ರೈಸ್ ಅವರು ಸಂಪಾದಿಸಿ ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಹತ್ತನೆಯ ಸಂಪುಟ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಮೇಲ್ಕಂಡ ನಾಲ್ಕು ತಾಲ್ಲೂಕುಗಳೂ ಆ ಸಂಪುಟದಲ್ಲಿ ಸೇರಿವೆ. ಗಂಗರು, ಬಾಣರು, ನೊಳಂಬರು, ವೈದುಂಬರು ಪರಸ್ಪರ ಗಡಿಗಾಗಿ ಕಾದಾಡಿದ ನೆಲ ಇದಾದುದರಿಂದ ಕಾಳಗದಲ್ಲಿ ಮಡಿದವರ ಮತ್ತು ತುರುಗೋಳಿನಲ್ಲಿ ದನಗಳನ್ನು ಬಿಡಿಸಲು ಹೋಗಿ ಸತ್ತವರ ಕಲ್ಲುಗಳು ಇಲ್ಲಿ ಹೇರಳವಾಗಿ ದೊರೆತಿರುವುದು ಸಹಜವೇ ಆಗಿದೆ.

ವೀರಗಲ್ಲನ್ನು ನಾವು ಸಾಮಾನ್ಯವಾಗಿ ಶಿಲ್ಪವೆಂದೋ ಸ್ಮಾರಕವೆಂದೋ ನೋಡುತ್ತೇವೆ. ಅದು ಕಚೇರಿಯ ಕಾಗದದ ಕೆಲಸವನ್ನೂ ಮಾಡುತ್ತಿತ್ತೆಂಬುದು ಅದರ ಪಾಠವನ್ನು ಓದಿದರೆ ವಿದಿತವಾಗುತ್ತದೆ. ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಗರ ಎರೆಯಪನ ಆಜ್ಞೆಯಂತೆ ಅಯ್ಯಪದೇವನ ಸಹಾಯಕ್ಕೆ ಹೋದ ನಾಗತ್ತರನು ವೀರಮಹೇಂದ್ರನ ಸೇನೆಯೊಡನೆ ತುಂಬೆಪಾಡಿಯಲ್ಲಿ ಹೋರಾಡಿ ಸತ್ತನೆಂದೂ, ಆ ಬಳಿಕ ಎರೆಯಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದೂ ಅದರಲ್ಲಿ ಹೇಳಿದೆ; ದತ್ತಿಯ ಹಳ್ಳಿಗಳ ಹೆಸರುಗಳೂ ಅಲ್ಲಿ ನಮೂದಾಗಿವೆ. ಸೈನಿಕನ ಹೆಸರು, ಅವನನ್ನು ಕಳುಹಿಸಿದ ಅಧಿಕಾರಿ, ಎದುರಾಳಿ, ಕದನದ ಸ್ಥಳ, ಸೇವೆ ಮುಗಿದ ಬಗೆ, ವಾರಸುದಾರ, ವಾರಸುದಾರನಿಗೆ ಸಂದ ಸೌಲಭ್ಯ, ಇವಿಷ್ಟೂ ಒಂದೇ ಕಲ್ಲಿನ ಮೇಲೆ ದೊರೆಯುತ್ತವೆ. ಇಂದಿನ ಬಿಡುಗಡೆ ಪುಸ್ತಕದಲ್ಲಿಯೂ ಪಿಂಚಣಿ ಆದೇಶದಲ್ಲಿಯೂ ಹಂಚಿಹೋಗಿರುವ ಅಂಶಗಳು ಇವೇ ಎಂಬುದು ಗಮನಾರ್ಹ.

ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಬರುವ ಸೈನಿಕದತ್ತಿಗಳ ಹೆಸರುಗಳು. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆದು ಕೊಟ್ಟ ಕೊಡುಗೆ. ನೆತ್ತರುಗೊಡಗೆ ಎಂದರೆ ಚೆಲ್ಲಿದ ರಕ್ತಕ್ಕೆ ಪ್ರತಿಯಾಗಿ ಬಂದ ಭೂಮಿ. ಈ ಭೂಮಿಯ ಹಕ್ಕುಪತ್ರವೂ ಕಲ್ಲೇ ಆಗಿತ್ತು. ಆದುದರಿಂದ ಅದರ ರಕ್ಷಣೆಗೆ ಹಿಂದಿನವರು ಎರಡು ಉಪಾಯಗಳನ್ನು ಮಾಡಿದರು. ಮೊದಲನೆಯದು, ಕಲ್ಲನ್ನು ಊರಿನ ಕಣ್ಣಿಗೆ ಬೀಳುವಂತೆ ಕೆರೆಯ ಏರಿಯ ಮೇಲೋ ಗುಡಿಯ ಮುಂದೋ ನಿಲ್ಲಿಸಿದುದು. ಓದಲು ಬಾರದವನಿಗೂ ಅದು ಯಾರ ಕಲ್ಲೆಂದು ತಿಳಿದಿರುತ್ತಿತ್ತು. ಎರಡನೆಯದು, ದತ್ತಿಯನ್ನು ಅಳಿದವನಿಗೆ ಪಾಪವನ್ನು ವಿಧಿಸುವ ಶಾಪವಾಕ್ಯ. ಕ್ರಿ. ಶ. ೯೪೯ರ ಆತಕೂರಿನ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬೂತುಗನ ಭಟನಾದ ಮಣಲೆರನು ಪರಾಕ್ರಮಕ್ಕೆ ಪ್ರತಿಯಾಗಿ ಕೇಳಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತ ನೆನಪಿಗೆ ನಿಂತ ಆ ಕಲ್ಲಿಗೆ ಭೂಮಿಯನ್ನು ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದೆ. ಮಣಲೆರನಿಗೆ ಬಾಳ್ಗಳ್ಚಾಗಿ ಬಂದ ಊರುಗಳ ವಿವರವೂ ಅದೇ ಕಲ್ಲಿನಲ್ಲಿದೆ. ಅಂದರೆ ದಾಖಲೆಯ ಪಾಲಕನನ್ನು ನೇಮಿಸಿ, ಅವನಿಗೆ ಜೀವನಾಂಶವನ್ನು ಕೊಟ್ಟು, ಅವನ ಕರ್ತವ್ಯವನ್ನೂ ದಾಖಲೆಯಲ್ಲಿಯೇ ಬರೆದಂತಾಯಿತು.

ಹೀಗೆ ಕಲ್ಲಿನ ಕಾಲದಲ್ಲಿ ಬರೆಸಿದವನು ಪ್ರಭು, ಕಾಯುವವರು ಊರವರು. ಮನೆಯವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಯಬೇಕಾದ ಅಗತ್ಯವಿರಲಿಲ್ಲ. ಆದರೆ ಈ ಗೌರವ ಬಹುಮಟ್ಟಿಗೆ ಸತ್ತವನಿಗೆ ಸಲ್ಲುವಂಥದು ಎಂಬುದನ್ನು ಮರೆಯಲಾಗದು. ಕಾದಾಡಿ ಬದುಕಿ ಬಂದ ಸಾಮಾನ್ಯ ಭಟನಿಗೆ ಕಲ್ಲು ನಿಲ್ಲುತ್ತಿರಲಿಲ್ಲ.

೩. ಸನ್ನದು, ಕಡತ, ಚಹರೆ

ವಿಜಯನಗರದ ಕಾಲದ ಅನಂತರ ಈ ಸೀಮೆ ಆವತಿಯ ನಾಡಪ್ರಭುಗಳ ವಂಶಕ್ಕೆ ಸೇರಿದ ಚಿಕ್ಕಬಳ್ಳಾಪುರದ ಪಾಳೆಯಗಾರರ ಕೈಯಲ್ಲಿದ್ದಿತು. ಹೈದರಾಲಿಯು ೧೭೬೨ರಲ್ಲಿ ಅದನ್ನು ಗೆದ್ದುಕೊಂಡನು. ೧೭೯೧ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ನಂದಿದುರ್ಗವನ್ನು ಲಗ್ಗೆ ಹತ್ತಿ ಹಿಡಿಯಿತು. ೧೭೯೯ರಲ್ಲಿ ಟಿಪ್ಪುವಿನ ಪತನದೊಡನೆ ಅವನ ದೊಡ್ಡ ಸೇನೆ ಚದುರಿತು. ಮೂವತ್ತೇಳು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಪ್ರಭುತ್ವದ ನೆಲೆ ಅಲುಗಿದ ನಾಡಿನಲ್ಲಿ ಹಿಂದಿನ ಪ್ರಭುವಿಗೆ ಸಲ್ಲಿಸಿದ ಸೇವೆಯನ್ನು ಮುಂದಿನ ಪ್ರಭುವಿನ ಮುಂದೆ ಹೇಳಿಕೊಳ್ಳುವುದು ಎಷ್ಟು ಕಷ್ಟವಾಗಿದ್ದಿತೆಂಬುದನ್ನು ಊಹಿಸಬಹುದು.

ಪೂರ್ಣಯ್ಯನವರ ಆಡಳಿತದಲ್ಲಿ (೧೭೯೯–೧೮೧೧) ಸೈನಿಕವರ್ಗ ಮೂರು ಬಗೆಯದಾಗಿದ್ದಿತು. ಕುದುರೆಯನ್ನು ತಾವೇ ತಂದು ಸೇವೆ ಮಾಡುವ ಸಿಲೇದಾರರು ಒಂದು ವರ್ಗ. ೧೮೦೭ರ ಒಪ್ಪಂದದಂತೆ ಮೈಸೂರು ಸಂಸ್ಥಾನ ೪,೦೦೦ ಕುದುರೆ ಸವಾರರನ್ನು ಸಿದ್ಧವಾಗಿಟ್ಟಿರಬೇಕಾಗಿತ್ತು. ಬಾರ್ ಎಂಬ ಕಾಲಾಳು ಪಡೆ ಎರಡನೆಯದು. ಕಂದಾಚಾರದ ಪೇದೆಗಳು ಮೂರನೆಯವರು. ೧೮೦೦ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಬುಕಾನನ್ ಕಂದಾಚಾರದವರನ್ನು ಉಲ್ಲೇಖಿಸಿದ್ದಾನೆ. ಇವರು ಹಳ್ಳಿಯಲ್ಲಿಯೇ ಇದ್ದು ಬೇಸಾಯ ಮಾಡುತ್ತ, ಕರೆ ಬಂದಾಗ ಆಯುಧ ಹಿಡಿಯುತ್ತ, ಶಾಂತಿಕಾಲದಲ್ಲಿ ಪೊಲೀಸಿನ ಕೆಲಸವನ್ನು ನೋಡಿಕೊಳ್ಳುತ್ತಿದ್ದರು.

ಈ ಕಾಲದ ದಾಖಲೆ ಕಾಗದದ್ದು. ಪ್ರಭುವಿನ ಮೊಹರುಳ್ಳ ಸನ್ನದು ಮನೆಯವರ ವಶದಲ್ಲಿರುತ್ತಿತ್ತು. ಭೂಮಿಯ ಲೆಕ್ಕ ಶಾನುಭೋಗನ ಕಡತದಲ್ಲಿರುತ್ತಿತ್ತು. ಭಟನ ಗುರುತು ಸೇನೆಯ ಹಾಜರಿಪಟ್ಟಿಯಲ್ಲಿರುತ್ತಿತ್ತು. ಮೊಗಲರ ಸೇನಾಪದ್ಧತಿಯಲ್ಲಿ ಸವಾರನ ಮುಖಲಕ್ಷಣ, ಮಚ್ಚೆ, ಗಾಯದ ಗುರುತುಗಳನ್ನು ಬರೆದಿಡುವ ಕ್ರಮಕ್ಕೆ ಚಹರೆ ಎಂದೂ, ಕುದುರೆಗೆ ಮುದ್ರೆಯೊತ್ತುವ ಕ್ರಮಕ್ಕೆ ದಾಗ್ ಎಂದೂ ಹೆಸರು. ಒಬ್ಬನ ಬದಲು ಇನ್ನೊಬ್ಬನನ್ನು ನಿಲ್ಲಿಸಿ ಸಂಬಳ ಹೊಡೆಯುವುದನ್ನು ತಪ್ಪಿಸುವುದು ಇದರ ಉದ್ದೇಶ. ಚಹರೆಪಟ್ಟಿ ಎಂಬ ಮಾತು ನಮ್ಮ ಕಚೇರಿಯ ಕನ್ನಡದಲ್ಲಿ ಇಂದಿಗೂ ಉಳಿದಿದೆ. ಇಂದಿನ ಬಿಡುಗಡೆ ಪುಸ್ತಕದಲ್ಲಿ ಎಡಗೆನ್ನೆಯ ಮಚ್ಚೆ, ಬಲಮೊಳಕಾಲಿನ ಗಾಯ ಎಂದು ಬರೆಯುವ ಅಂಕಣ ಅದೇ ಪದ್ಧತಿಯ ಮುಂದುವರಿಕೆಯೆನ್ನಬಹುದು.

ಸನ್ನದು ಮನೆಗೆ ಬಂದುದರ ಪರಿಣಾಮ ಅರವತ್ತು ವರ್ಷಗಳ ಬಳಿಕ ಸ್ಪಷ್ಟವಾಯಿತು. ಬ್ರಿಟಿಷ್ ಕಮಿಷನರರ ಆಡಳಿತದಲ್ಲಿ, ೧೮೬೦ರ ದಶಕದಲ್ಲಿ, ಮೈಸೂರು ಸಂಸ್ಥಾನದ ಇನಾಮು ಭೂಮಿಗಳ ವಿಚಾರಣೆ ಆರಂಭವಾಯಿತು. ಇನಾಮು ಯಾರಿಂದ, ಯಾವಾಗ, ಯಾವ ಸೇವೆಗಾಗಿ ಬಂದಿತೆಂಬುದನ್ನು ಸನ್ನದಿನಿಂದಲೋ ಹಳೆಯ ಲೆಕ್ಕಪತ್ರಗಳಿಂದಲೋ ತೋರಿಸಬೇಕಾಯಿತು. ಕಲ್ಲಿನ ಕಾಲದಲ್ಲಿ ಊರಿಗೇ ತಿಳಿದ ಸಂಗತಿ ಸಾಕ್ಷ್ಯವಾಗಿದ್ದಿತು. ಈಗ ಕಾಗದವುಳ್ಳವನೇ ಹಕ್ಕುದಾರ. ಅಧಿಕಾರಿಗಳು ಕಠಿಣರೋ ಉದಾರಿಗಳೋ ಎಂಬುದಕ್ಕಿಂತ ಸಾಕ್ಷ್ಯದ ಭಾರ ಪ್ರಭುತ್ವದಿಂದ ಮನೆಗೆ ವರ್ಗವಾದುದೇ ಇಲ್ಲಿ ಮುಖ್ಯವಾದ ಸಂಗತಿ.

೪. ಸಂಸ್ಥಾನದ ಸೇನೆ ಮತ್ತು ಎರಡು ಮಹಾಯುದ್ಧಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನ ಇಂಪೀರಿಯಲ್ ಸರ್ವಿಸ್ ಪಡೆಯಾಗಿ ಲ್ಯಾನ್ಸರ್ಸ್ ರೆಜಿಮೆಂಟನ್ನು ಕಟ್ಟಿತು. ಈ ಪಡೆ ೧೯೧೪ರ ಅಕ್ಟೋಬರಿನಲ್ಲಿ ಬೆಂಗಳೂರನ್ನು ಬಿಟ್ಟು ಈಜಿಪ್ಟಿಗೆ ತೆರಳಿ, ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಲ್ಯಾನ್ಸರುಗಳೊಡನೆ ಹೈಫಾ ಪಟ್ಟಣವನ್ನು ಹಿಡಿಯುವುದರಲ್ಲಿ ಭಾಗಿಯಾಯಿತು. ಹೈದರಾಬಾದು, ಜೋಧಪುರ, ಮೈಸೂರು ಪಡೆಗಳ ನೆನಪಿಗೆ ೧೯೨೨ರಲ್ಲಿ ದೆಹಲಿಯಲ್ಲಿ ನಿಲ್ಲಿಸಿದ ಮೂರು ಮೂರ್ತಿಗಳು ಪ್ರಸಿದ್ಧವಾಗಿವೆ.

ಈ ಯುದ್ಧದ ಸ್ಮಾರಕಗಳಲ್ಲಿ ಇನ್ನೊಂದು ಬಗೆಯನ್ನು ಇಲ್ಲಿ ಸ್ಮರಿಸತಕ್ಕುದು. ಭಾರತದ ನಾನಾ ಪ್ರಾಂತಗಳ ಹಳ್ಳಿಗಳಲ್ಲಿ ೧೯೧೪–೧೯೧೯ರ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು ಎಂದು ಬರೆದ ಅಮೃತಶಿಲೆಯ ಫಲಕಗಳಿವೆ. ಅವುಗಳಲ್ಲಿರುವುದು ಸಂಖ್ಯೆ ಮಾತ್ರ, ಹೆಸರಿಲ್ಲ. ಸಾವಿರ ವರ್ಷಗಳ ಹಿಂದಿನ ವೀರಗಲ್ಲಿನೊಡನೆ ಈ ಫಲಕವನ್ನು ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿಯೇ ತೋರುತ್ತದೆ. ಊರಿನ ನಡುವಿನ ಕಲ್ಲಿನಿಂದ ಹೆಸರು ಮಾಯವಾಗಿ ಸೈನಿಕನ ಕಾಗದದಲ್ಲಿಯೂ ದೂರದ ದಾಖಲೆ ಕಚೇರಿಯಲ್ಲಿಯೂ ಮಾತ್ರ ಉಳಿಯಿತು. ಅಪವಾದವೆಂಬಂತೆ ಆ ಯುದ್ಧದ ಬ್ರಿಟಿಷ್ ಪದಕಗಳ ಅಂಚಿನ ಮೇಲೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆಗಳನ್ನು ಕೆತ್ತಿರುತ್ತಿತ್ತು. ಕಾಗದ ಕಳೆದ ಮನೆಗಳಲ್ಲಿ ಪದಕದ ಅಂಚೇ ಆಧಾರವಾಗಬಲ್ಲುದು; ಪದಕವನ್ನು ಬೆಳ್ಳಿಯ ಬೆಲೆಗೆ ಮಾರಿದರೆ ಆ ಆಧಾರವೂ ಹೋಯಿತು.

ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಒಂದನೆಯ ಇನ್ಫಂಟ್ರಿ ಪಡೆಯನ್ನು ಮಲಯಾದ ವಿಮಾನನಿಲ್ದಾಣಗಳ ಕಾವಲಿಗೆ ಕಳುಹಿಸಲಾಗಿತ್ತು. ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರ ಶರಣಾದಾಗ ಆ ಪಡೆಯೂ ಜಪಾನೀಯರ ಸೆರೆಗೆ ಬಿದ್ದಿತು. ಇದೇ ಕಾಲದಲ್ಲಿ ಭಾರತೀಯ ಸೇನೆಯ ಬಲ ಸುಮಾರು ೨೫ ಲಕ್ಷಕ್ಕೆ ಏರಿತು. ಚಿಕ್ಕಬಳ್ಳಾಪುರಕ್ಕೆ ಸುಮಾರು ೬೦ ಕಿಲೋಮೀಟರ್ ದೂರದ ಬೆಂಗಳೂರು ದಕ್ಷಿಣ ಭಾರತದ ದೊಡ್ಡ ಸೇನಾನೆಲೆಯೂ ಮದರಾಸು ಸ್ಯಾಪರ್ಸ್ ಪಡೆಯ ಮೂಲಸ್ಥಾನವೂ ಆಗಿದ್ದಿತು. ಮಳೆಯನ್ನೇ ನೆಚ್ಚಿದ ಬಯಲುಸೀಮೆಯ ಹಳ್ಳಿಗಳಿಗೆ ಸೇನೆಯ ಸಂಬಳ ಒಂದು ಆಸರೆಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಯುದ್ಧ ಮುಗಿದೊಡನೆ ಈ ಬೃಹತ್ ಸೇನೆಯನ್ನು ಕರಗಿಸಲಾಯಿತು. ಯುದ್ಧಕಾಲಕ್ಕೆ ಮಾತ್ರ ಸೇರಿದವರು ಮೂರು, ನಾಲ್ಕು, ಐದು ವರ್ಷಗಳ ಸೇವೆಯೊಡನೆ ಊರಿಗೆ ಮರಳಿದರು. ಸಿಪಾಯಿಗೆ ಪಿಂಚಣಿ ಬರಬೇಕಾದರೆ ಸಾಮಾನ್ಯವಾಗಿ ೧೫ ವರ್ಷಗಳ ಸೇವೆ ಬೇಕು. ಆದುದರಿಂದ ಇವರಿಗೆ ಪಿಂಚಣಿಯ ಪುಸ್ತಕವಿರಲಿಲ್ಲ, ತಿಂಗಳು ತಿಂಗಳು ಖಜಾನೆಯಲ್ಲಿ ಹೆಸರು ಕೂಗುವ ಪ್ರಸಂಗವಿರಲಿಲ್ಲ. ಬಿಡುಗಡೆ ಪತ್ರವೊಂದೇ ಇವರಿಗೂ ಸರ್ಕಾರಕ್ಕೂ ನಡುವೆ ಉಳಿದ ಕೊಂಡಿ. ಮುಂದೆ ಹೇಳುವ ತೊಂದರೆಗಳು ಹೆಚ್ಚಾಗಿ ತಟ್ಟಿದುದು ಈ ವರ್ಗಕ್ಕೇ.

ಸ್ವಾತಂತ್ರ್ಯಾನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ಲೀನವಾದವು. ಮೈಸೂರು ಇನ್ಫಂಟ್ರಿ ಮದರಾಸು ರೆಜಿಮೆಂಟಿನ ಹದಿನೆಂಟನೆಯ ಬೆಟಾಲಿಯನ್ ಆಯಿತು. ಲ್ಯಾನ್ಸರ್ಸ್ ಪಡೆಯ ಸವಾರರು ೧೯೫೩ರಲ್ಲಿ ರಚಿತವಾಗಿ ಮುಂದೆ ೬೧ನೆಯ ಕ್ಯಾವಲ್ರಿಯೆಂದು ಹೆಸರಾದ ಅಶ್ವದಳದಲ್ಲಿ ಸೇರಿದರು. ಸಂಸ್ಥಾನದ ಸೇವೆಯನ್ನು ಮುಂದಿನ ಸೇವೆಯೊಡನೆ ಕೂಡಿಸಿ ಲೆಕ್ಕ ಹಾಕಬೇಕಾದವನಿಗೆ ಹಳೆಯ ಕಾಗದ ಮತ್ತಷ್ಟು ಅವಶ್ಯವಾಯಿತು.

೫. ಬಿಡುಗಡೆ ಪುಸ್ತಕ ಮತ್ತು ಇಪ್ಪತ್ತೈದು ವರ್ಷಗಳ ಅವಧಿ

ಇಂದಿನ ವ್ಯವಸ್ಥೆಯಲ್ಲಿ ಸೈನಿಕನು ಸೇರಿದ ದಿನದಿಂದ ಅವನ ಹೆಸರಿನಲ್ಲಿ ಶೀಟ್ ರೋಲ್ ಎಂಬ ಕಡತ ಆರಂಭವಾಗುತ್ತದೆ. ಸೇರಿದ ದಿನಾಂಕ, ವಯಸ್ಸು, ಊರು, ತರಬೇತಿ, ಬಡ್ತಿ, ಶಿಕ್ಷೆ, ಗಾಯ, ಪದಕ, ವಿವಾಹ, ಮಕ್ಕಳ ಜನನ, ಎಲ್ಲವೂ ಅದರಲ್ಲಿ ಸೇರುತ್ತ ಹೋಗುತ್ತವೆ. ವಿವಾಹ, ಜನನಗಳಂಥ ಕುಟುಂಬದ ಸಂಗತಿಗಳನ್ನು ಪಾರ್ಟ್ ಟೂ ಆರ್ಡರ್ ಎಂಬ ಆಜ್ಞೆಯ ಮೂಲಕ ನಮೂದಿಸಬೇಕು. ಆ ಆಜ್ಞೆ ಹೊರಡದಿದ್ದರೆ ಸೇನೆಯ ದೃಷ್ಟಿಯಲ್ಲಿ ಹೆಂಡತಿ ಹೆಂಡತಿಯಲ್ಲ, ಮಗು ಮಗುವಲ್ಲ. ಈ ಕಡತ ಆಯಾ ಪಡೆಯ ದಾಖಲೆ ಕಚೇರಿಯಲ್ಲಿರುತ್ತದೆ. ಮದರಾಸು ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿಯೂ, ಮದರಾಸು ಸ್ಯಾಪರ್ಸ್ ಪಡೆಯದು ಬೆಂಗಳೂರಿನಲ್ಲಿಯೂ ಇದೆ.

ಬಿಡುಗಡೆಯ ದಿನ ಈ ಕಡತದ ಸಾರ ಪುಸ್ತಕರೂಪದಲ್ಲಿ ಸೈನಿಕನ ಕೈಗೆ ಬರುತ್ತದೆ. ಹೆಸರು, ತಂದೆಯ ಹೆಸರು, ಸಂಖ್ಯೆ, ದರ್ಜೆ, ಚಹರೆ, ಸೇವೆಯ ಅವಧಿ, ಬಿಡುಗಡೆಯ ಕಾರಣ, ನಡತೆ, ಆರೋಗ್ಯದ ವರ್ಗ, ಪದಕಗಳು, ಕುಟುಂಬದ ವಿವರ ಅದರಲ್ಲಿ ಇರುತ್ತವೆ. ಮಾಜಿ ಸೈನಿಕನೆಂಬ ಗುರುತಿನ ಚೀಟಿ, ಸರ್ಕಾರಿ ಕೆಲಸದಲ್ಲಿ ಮೀಸಲಾತಿ, ಮಕ್ಕಳ ವಿದ್ಯಾಭ್ಯಾಸದ ನೆರವು, ೧೯೬೯ರ ಭೂಮಂಜೂರಾತಿ ನಿಯಮಗಳಂತೆ ಜಮೀನಿಗೆ ಅರ್ಜಿ, ಇವುಗಳಲ್ಲಿ ಯಾವುದಕ್ಕೆ ಹೋದರೂ ಮೊದಲು ಕೇಳುವುದು ಈ ಪುಸ್ತಕವನ್ನೇ. ಇಂಥ ಕೆಲಸಗಳಿಗಾಗಿ ೧೯೧೯ರಲ್ಲಿ ಸ್ಥಾಪಿತವಾದ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ೧೯೭೫ರಲ್ಲಿ ಕೇಂದ್ರೀಯ ಸೈನಿಕ ಮಂಡಳಿಯಾಯಿತು. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಈ ಕಾರ್ಯವನ್ನು ನೋಡಿಕೊಳ್ಳುತ್ತದೆ.

ಈಗ ಮುಖ್ಯ ಸಂಗತಿಗೆ ಬರೋಣ. ಪಿಂಚಣಿದಾರರಲ್ಲದ ಸೈನಿಕರ ಸೇವಾಕಡತಗಳನ್ನು ಬಿಡುಗಡೆಯಾದ ೨೫ ವರ್ಷಗಳ ಅನಂತರ ನಾಶಪಡಿಸಬಹುದೆಂದು ೧೯೮೭ರ ಸೇನಾ ನಿಯಮಾವಳಿಯ ೫೯೫ನೆಯ ಕಂಡಿಕೆ ವಿಧಿಸುತ್ತದೆ. ಆ ಬಳಿಕ ಕಚೇರಿಯಲ್ಲಿ ಉಳಿಯುವುದು ಲಾಂಗ್ ರೋಲ್ ಎಂಬ ದಾಖಲೆಪಟ್ಟಿಯ ಸಂಕ್ಷಿಪ್ತ ನಮೂದು. ಸೇನಾ ನ್ಯಾಯಮಂಡಳಿಗಳ ಮುಂದೆ ಬರುವ ಹಳೆಯ ಸೈನಿಕರ ಅರ್ಜಿಗಳಲ್ಲಿ ಕಡತ ನಾಶವಾಗಿದೆಯೆಂಬ ಉತ್ತರ ಮತ್ತೆ ಮತ್ತೆ ಕೇಳಿಬರುವುದು ಈ ಕಾರಣದಿಂದ. ಲಕ್ಷಾಂತರ ಕಡತಗಳನ್ನು ಎಂದೆಂದಿಗೂ ಇಟ್ಟುಕೊಳ್ಳಲು ಸ್ಥಳವಿಲ್ಲವೆಂಬ ಮಾತಿನಲ್ಲಿ ನಿಜವಿಲ್ಲದಿಲ್ಲ. ಆದರೆ ಅದರ ಫಲವನ್ನು ನೋಡಬೇಕು. ೧೯೪೬ರಲ್ಲಿ ಬಿಡುಗಡೆಯಾದವನ ಕಡತವನ್ನು ಈ ಬಗೆಯ ಅವಧಿಗೆ ಒಳಪಡಿಸಿದರೆ ಅದು ೧೯೭೧ಕ್ಕೆ ಮುಗಿಯಿತು; ಆಗ ಅವನಿನ್ನೂ ಐವತ್ತರ ಆಸುಪಾಸಿನವನು. ನೆರವಿನ ಅಗತ್ಯ ಬೀಳುವ ಮುಪ್ಪಿನಲ್ಲಿಯೋ, ಅವನ ಅನಂತರ ವಿಧವೆಯ ಕಾಲದಲ್ಲಿಯೋ, ಸರ್ಕಾರದ ಒಂದು ಕಚೇರಿ ಕಾಗದವನ್ನು ಕೇಳುತ್ತದೆ. ಅದೇ ಕಾಗದದ ಮೂಲವನ್ನು ಇನ್ನೊಂದು ಕಚೇರಿ ಕಳೆದಿರುತ್ತದೆ. ಅಲ್ಲಿಂದ ಮುಂದೆ ಆ ಸೈನಿಕನ ದಾಖಲೆ ಭಂಡಾರವೆಂದರೆ ಅವನ ಮನೆಯ ಪೆಟ್ಟಿಗೆಯೇ.

ಪಿಂಚಣಿಯನ್ನು ಸಾಲಗಾರರು ಜಪ್ತಿ ಮಾಡಬಾರದು, ಅದನ್ನು ಬರೆದುಕೊಟ್ಟರೆ ಸಲ್ಲದು ಎಂದು ೧೮೭೧ರ ಪಿಂಚಣಿ ಕಾಯಿದೆ ರಕ್ಷಣೆ ಕೊಟ್ಟಿದೆ. ಹಣಕ್ಕೆ ದೊರೆತ ಈ ರಕ್ಷಣೆಗೆ ಸಮನಾದುದು ಪಿಂಚಣಿಯಿಲ್ಲದವನ ಕಾಗದಕ್ಕೆ ದೊರೆಯಲಿಲ್ಲ.

೬. ಈ ಸೀಮೆಯ ವಿಶೇಷ ತೊಡಕುಗಳು

ಕಾಗದ ಉಳಿದಿದ್ದರೂ ಕಷ್ಟ ತಪ್ಪಿತೆನ್ನುವಂತಿಲ್ಲ. ಅದರಲ್ಲಿ ಬರೆದುದಕ್ಕೂ ಇಂದಿನ ಇತರ ದಾಖಲೆಗಳಿಗೂ ಹೊಂದಿಕೆಯಾಗಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಂದಿಕೆ ತಪ್ಪುವುದಕ್ಕೆ ಐತಿಹಾಸಿಕವಾದ ಕಾರಣಗಳಿವೆ.

ಮೊದಲನೆಯದು ಭಾಷೆ. ಇದು ಕನ್ನಡ ತೆಲುಗುಗಳು ಬೆರೆತ ಗಡಿನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿಯೂ ತಾಲ್ಲೂಕು ಕಚೇರಿಯಲ್ಲಿಯೂ ಕನ್ನಡ, ಸೇನೆಯಲ್ಲಿ ಇಂಗ್ಲಿಷ್ ಮತ್ತು ಹಿಂದೂಸ್ತಾನಿ. ಹಳ್ಳಿ ಎಂದು ಮುಗಿಯುವ ಊರು ಪಲ್ಲಿಯಾಗುತ್ತದೆ. ನಾರಾಯಣಪ್ಪ ನಾರಪ್ಪನಾಗುತ್ತಾನೆ, ವೆಂಕಟರಮಣಪ್ಪ ವೆಂಕಟ್ ರಾಮನ್ ಆಗುತ್ತಾನೆ. ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಒಂದಕ್ಷರಕ್ಕೆ ಇಳಿಸಿ ಮುಂದಿಡುವುದು ನಮ್ಮ ರೂಢಿ. ಪೂರ್ಣನಾಮವನ್ನು ಬರೆಯುವುದು ಸೇನೆಯ ರೂಢಿ. ಸೇರುವ ದಿನ ಗುಮಾಸ್ತನ ಕಿವಿಗೆ ಕೇಳಿದುದೇ ಆ ಮನುಷ್ಯನ ಶಾಶ್ವತವಾದ ಹೆಸರು.

ಎರಡನೆಯದು ಜನ್ಮದಿನಾಂಕ. ಶಾಲೆಯ ಮುಖ ಕಾಣದ ಹುಡುಗನ ವಯಸ್ಸನ್ನು ವೈದ್ಯರು ಅಂದಾಜು ಮಾಡಿ ಬರೆದದ್ದುಂಟು. ಮುಂದೆ ಮತದಾರರ ಪಟ್ಟಿ, ಪಡಿತರ ಚೀಟಿ, ಆಧಾರ್ ಚೀಟಿ ಬಂದಾಗ ಒಂದೊಂದರಲ್ಲಿ ಒಂದೊಂದು ವಯಸ್ಸು ನಿಂತಿತು.

ಮೂರನೆಯದು ಆಡಳಿತದ ಎಲ್ಲೆಗಳು. ೧೯೪೫ರ ಪತ್ರವೊಂದರಲ್ಲಿ ಊರು, ಶಿಡ್ಲಘಟ್ಟ ತಾಲ್ಲೂಕು, ಕೋಲಾರ ಜಿಲ್ಲೆ, ಮೈಸ��ರು ಸಂಸ್ಥಾನ ಎಂದಿದ್ದರೆ ಅದು ಅಂದಿಗೆ ಸರಿ. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ೨೦೦೭ರಲ್ಲಿ ಕೋಲಾರವನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಲಾಯಿತು. ಇಂಗ್ಲಿಷಿನ ಹಳೆಯ ಕಾಗದಗಳಲ್ಲಿ ಗೌರಿಬಿದನೂರು ಗೋರಿಬಿದ್ನೂರ್ ಆಗಿದೆ, ಚಿಕ್ಕಬಳ್ಳಾಪುರ ಚಿಕ್‌ಬಳ್ಳಾಪುರ್ ಆಗಿದೆ. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ. ವಿಳಾಸ ಮಾತ್ರ ಬದಲಾಯಿತು. ಇತಿಹಾಸದ ವಿದ್ಯಾರ್ಥಿಗೆ ಇದು ಒಂದು ಅಡಿಟಿಪ್ಪಣಿಯ ಸಂಗತಿ. ರಕ್ಷಣಾ ಪಿಂಚಣಿಗಳನ್ನು ಗಣಕಯಂತ್ರದಲ್ಲಿ ಏರಿಸಿರುವ ಸ್ಪರ್ಶ್ ವ್ಯವಸ್ಥೆಯ ಮುಂದೆ ಕುಳಿತ ವೃದ್ಧೆಗೆ ಹೆಸರಿನ, ದಿನಾಂಕದ, ವಿಳಾಸದ ಒಂದೊಂದು ವ್ಯತ್ಯಾಸವೂ ಒಂದೊಂದು ಪ್ರಮಾಣಪತ್ರ, ಒಂದೊಂದು ದಿನದ ಕೂಲಿ, ಒಂದೊಂದು ಬಸ್ಸಿನ ಪ್ರಯಾಣ.

ನಾಲ್ಕನೆಯದು ಕಾಗದವನ್ನು ಇಟ್ಟ ಸ್ಥಳ. ಮಣ್ಣಿನ ಗೋಡೆಯ ಮನೆಯಲ್ಲಿ ಗೆದ್ದಲು ತಪ್ಪಿದ್ದಲ್ಲ. ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳು ಅನೇಕ. ಹುಳುವಿನ ಹಿತಕ್ಕಾಗಿ ಅಲ್ಲಿ ತೇವವನ್ನು ಕಾಪಾಡುತ್ತಾರೆ. ಹುಳುವಿಗೆ ಹಿತವಾದ ತೇವ ಕಾಗದಕ್ಕೆ ಶತ್ರು.

೭. ಅನ್ಯದೇಶಗಳ ಅನುಭವ

ದಾಖಲೆಯ ಪ್ರತಿ ಒಂದೇ ಕಡೆ ಇದ್ದರೆ ಆಗುವ ಅಪಾಯವನ್ನು ಬೇರೆ ದೇಶಗಳೂ ಕಂಡಿವೆ. ಲಂಡನ್ನಿನ ಯುದ್ಧ ಇಲಾಖೆಯ ಭಂಡಾರಕ್ಕೆ ೧೯೪೦ರ ಸೆಪ್ಟೆಂಬರಿನಲ್ಲಿ ಬಾಂಬು ಬಿದ್ದು ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದವನ್ನು ಸಂಶೋಧಕರು ಇಂದಿಗೂ ಸುಟ್ಟ ದಾಖಲೆಗಳೆಂದೇ ಕರೆಯುತ್ತಾರೆ. ಅಮೆರಿಕದ ಸೇಂಟ್ ಲೂಯಿಯಲ್ಲಿದ್ದ ಭಂಡಾರಕ್ಕೆ ೧೯೭೩ರ ಜುಲೈ ೧೨ರಂದು ಬೆಂಕಿ ತಗುಲಿ ೧೬೦ರಿಂದ ೧೮೦ ಲಕ್ಷ ಕಡತಗಳು ನಾಶವಾದವು. ೧೯೧೨ರಿಂದ ೧೯೬೦ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದವೆಂದು ಅಂದಾಜು.

ಅಲ್ಲಿ ಒಂದು ಹಳೆಯ ರೂಢಿ ಆಗ ಉಪಯೋಗಕ್ಕೆ ಬಂದಿತು. ಯುದ್ಧದಿಂದ ಮರಳಿದ ಸೈನಿಕರು ತಮ್ಮ ಬಿಡುಗಡೆ ಪತ್ರವನ್ನು ಸ್ಥಳೀಯ ಕೌಂಟಿ ಕಚೇರಿಯ ಪುಸ್ತಕದಲ್ಲಿ ನಕಲು ಮಾಡಿಸುತ್ತಿದ್ದರು. ಭಂಡಾರದ ಪ್ರತಿ ಸುಟ್ಟರೂ ಊರಿನ ಪ್ರತಿ ಉಳಿಯಿತು. ಸಂಬಳದ ಪಟ್ಟಿ, ಆಸ್ಪತ್ರೆಯ ಪುಸ್ತಕ ಮುಂತಾದ ಉಪದಾಖಲೆಗಳಿಂದಲೂ ಅನೇಕರ ಸೇವೆಯನ್ನು ಮರಳಿ ಕಟ್ಟಿದರು. ಆದರೆ ಈ ರೂಢಿಗೂ ಒಂದು ದೋಷ ಕಂಡುಬಂದಿತು. ಸಾರ್ವಜನಿಕ ಪುಸ್ತಕದಲ್ಲಿದ್ದ ವೈಯಕ್ತಿಕ ಸಂಖ್ಯೆಗಳನ್ನು ಕದ್ದು ಮೋಸ ಮಾಡುವವರು ಹುಟ್ಟಿಕೊಂಡುದರಿಂದ ಮುಂದೆ ಆ ಪುಸ್ತಕಗಳನ್ನು ನೋಡಲು ನಿರ್ಬಂಧ ಹಾಕಬೇಕಾಯಿತು. ವೀರಗಲ್ಲಿನಂತೆ ಎಲ್ಲರಿಗೂ ತೆರೆದಿರುವುದು ಇಂದಿನ ಕಾಗದಕ್ಕೆ ಒಪ್ಪುವುದಿಲ್ಲ. ಊರಿನಲ್ಲಿಯೂ ಒಂದು ಪ್ರತಿ ಇರಬೇಕೆಂಬ ತತ್ತ್ವ ಮಾತ್ರ ಒಪ್ಪುತ್ತದೆ.

೮. ರಕ್ಷಣೆಯ ಕ್ರಮ

ಬಿಡುಗಡೆ ಪುಸ್ತಕ ಕಳೆದುಹೋದಾಗ ನಡೆಯಬೇಕಾದ ಕ್ರಮ ಸ್ಥೂಲವಾಗಿ ಹೀಗಿದೆ. ಪೊಲೀಸು ಠಾಣೆಯಲ್ಲಿ ಕಳೆದ ಬಗ್ಗೆ ದೂರನ್ನು ದಾಖಲು ಮಾಡಿಸಿ, ಪ್ರಮಾಣಪತ್ರವನ್ನು ಸಿದ್ಧಪಡಿಸಿ, ಸೈನಿಕ ಕಲ್ಯಾಣ ಕಚೇರಿಯ ಮೂಲಕ ಆಯಾ ಪಡೆಯ ದಾಖಲೆ ಕಚೇರಿಗೆ ಅರ್ಜಿಯನ್ನು ಕಳುಹಿಸಬೇಕು. ಅರ್ಜಿಯಲ್ಲಿ ಸೇವಾಸಂಖ್ಯೆ ಇದ್ದರೆ ಹುಡುಕುವ ಕೆಲಸ ಸುಲಭ. ಹೆಸರೊಂದೇ ಇದ್ದರೆ ಒಂದೇ ಹೆಸರಿನ ಅನೇಕರಲ್ಲಿ ಅವನು ಯಾರೆಂದು ನಿರ್ಧರಿಸಬೇಕಾಗುತ್ತದೆ. ಆದುದರಿಂದ ಪುಸ್ತಕವಿಲ್ಲದ ಮನೆಯಲ್ಲಿ ಸೇವಾಸಂಖ್ಯೆಗಾಗಿ ಮೊದಲು ಹುಡುಕಬೇಕಾದ ಸ್ಥಳಗಳು ಮೂರು: ಪೆಟ್ಟಿಗೆಯ ಮುಚ್ಚಳ, ಪದಕದ ಅಂಚು, ಹಳೆಯ ಮನಿಯಾರ್ಡರಿನ ತುಂಡು ಅಥವಾ ಕಾಗದದ ಲಕೋಟೆ. ಜಮೀನು ಮಂಜೂರಾದ ಮನೆಯಾದರೆ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಲ್ಲಿ ಬಿಡುಗಡೆ ಪತ್ರದ ನಕಲು ಸೇರಿರುವ ಸಂಭವವುಂಟು. ಆ ಕಡತಗಳನ್ನು ಗಣಕೀಕರಿಸುವ ಕೆಲಸ ರಾಜ್ಯದಲ್ಲಿ ಈಗ ನಡೆಯುತ್ತಿರುವುದು ಈ ದೃಷ್ಟಿಯಿಂದಲೂ ಮಹತ್ವದ್ದು.

ಪುಸ್ತಕ ಇನ್ನೂ ಇರುವ ಮನೆಗಳಲ್ಲಿ ಮಾಡಬೇಕಾದುದು ಅದಕ್ಕಿಂತ ಸುಲಭ. ಮೂಲವನ್ನು ಯಾವ ಕಚೇರಿಗೂ ಒಪ್ಪಿಸದೆ ದೃಢೀಕೃತ ನಕಲನ್ನು ಕೊಡುವುದು. ಪ್ರತಿಯೊಂದು ಪುಟದ ಛಾಯಾಚಿತ್ರವನ್ನು ತೆಗೆದು ಬೇರೆ ಮನೆಯಲ್ಲಿರುವ ಮಗನ ಅಥವಾ ಮಗಳ ಬಳಿ ಒಂದು ಪ್ರತಿಯನ್ನು ಇಡುವುದು. ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಅಂಟಿಸುವ ಲ್ಯಾಮಿನೇಷನ್ನಿಗೆ ಮೂಲಪತ್ರವನ್ನು ಒಳಪಡಿಸದಿರುವುದು. ಹೆಂಡತಿಯ ಹೆಸರು, ಜನ್ಮದಿನಾಂಕಗಳು ಪುಸ್ತಕದಲ್ಲಿಯೂ ಪಿಂಚಣಿ ಆದೇಶದಲ್ಲಿಯೂ ಒಂದೇ ಆಗಿವೆಯೇ ಎಂದು ಸೈನಿಕನು ಬದುಕಿರುವಾಗಲೇ ನೋಡಿ ತಿದ್ದಿಸುವುದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಬದುಕಿರುವವನು ಒಂದು ಸಹಿಯಿಂದ ಮಾಡಿಸಬಹುದಾದ ತಿದ್ದುಪಡಿಗೆ ಅವನ ವಿಧವೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಈ ಕಾರ್ಯದಲ್ಲಿ ಕಾಲೇಜುಗಳ ಇತಿಹಾಸ ವಿಭಾಗಗಳು ವಹಿಸಬಹುದಾದ ಪಾತ್ರವೂ ಇದೆ. ವೀರಗಲ್ಲುಗಳನ್ನು ಹುಡುಕಿ ಪಡಿಯಚ್ಚು ತೆಗೆಯಲು ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳುಹಿಸುವ ಸಂಪ್ರದಾಯ ನಮ್ಮಲ್ಲಿ ಬೆಳೆದುಬಂದಿದೆ. ಅದೇ ವಿದ್ಯಾರ್ಥಿ ಅದೇ ಹಳ್ಳಿಯಲ್ಲಿ ಹಳೆಯ ಸೈನಿಕನ ಮನೆಯವರ ಒಪ್ಪಿಗೆಯನ್ನು ಪಡೆದು ಅವರ ಕಾಗದಗಳ ಪ್ರತಿಯನ್ನು ತೆಗೆದು, ಒಂದನ್ನು ಮನೆಯವರಿಗೆ ಕೊಟ್ಟು, ಮತ್ತೊಂದನ್ನು ಅವರು ಬಯಸಿದ ನಿರ್ಬಂಧಗಳೊಡನೆ ವಿಭಾಗದಲ್ಲಿ ಇರಿಸಿದರೆ ಎರಡು ಪ್ರಯೋಜನಗಳು ಸಿದ್ಧಿಸುತ್ತವೆ. ಮನೆಗೆ ರುಜುವಾತು ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಈ ಬಯಲುಸೀಮೆಯಿಂದ ಯಾರು, ಯಾವ ವಯಸ್ಸಿನಲ್ಲಿ, ಯಾವ ಪಡೆಯಲ್ಲಿ, ಎಷ್ಟು ಕಾಲ ದುಡಿದರೆಂಬುದನ್ನು ಬರೆಯಲು ಇತಿಹಾಸಕಾರನಿಗೆ ಸಾಮಗ್ರಿ ದೊರೆಯುತ್ತದೆ.

ಮೊದಲು ಎತ್ತಿದ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಎಲ್ಲ ಕಾಲಗಳಲ್ಲಿಯೂ ದಾಖಲೆಯನ್ನು ಬರೆದುದು ಪ್ರಭುತ್ವ. ಕಾಯುವ ಹೊಣೆ ಮಾತ್ರ ಊರಿನಿಂದ ಶಾನುಭೋಗನಿಗೂ, ಅಲ್ಲಿಂದ ದಾಖಲೆ ಕಚೇರಿಗೂ, ಕಡೆಗೆ ಮನೆಯ ಪೆಟ್ಟಿಗೆಗೂ ಇಳಿದು ಬಂದಿದೆ. ನಷ್ಟದ ಭಾರ ಕಲ್ಲಿನ ಕಾಲದಲ್ಲಿ ದತ್ತಿಯನ್ನು ಅಳಿದವನ ಮೇಲೆ ಶಾಪರೂಪದಲ್ಲಿ ಬೀಳುತ್ತಿದ್ದಿತು. ಇಂದು ಅದು ಬಹುತೇಕ ಪಿಂಚಣಿಯಿಲ್ಲದ ಸಿಪಾಯಿಯ ಮೇಲೂ ಅವನ ವಿಧವೆಯ ಮೇಲೂ ಬೀಳುತ್ತಿದೆ. ಎರಡನೆಯ ಮಹಾಯುದ್ಧದ ಸೈನಿಕರಲ್ಲಿ ಬದುಕಿರುವವರು ಈಗ ಅತಿ ವಿರಳ. ೧೯೬೨, ೧೯೬೫, ೧೯೭೧ರ ಯುದ್ಧಗಳ ಕಾಲದಲ್ಲಿ ಸೇರಿ, ಪಿಂಚಣಿಗೆ ಸಾಲುವಷ್ಟು ಅವಧಿ ತುಂಬದೆ ಮರಳಿದವರ ಕಡತಗಳ ಇಪ್ಪತ್ತೈದು ವರ್ಷಗಳೂ ಸಂದಿವೆ. ಅವರ ಮನೆಗಳ ಕಾಗದಗಳನ್ನು ಕುರಿತು ಮಾಡಬೇಕಾದ ಕೆಲಸವನ್ನು ಮುಂದಕ್ಕೆ ಹಾಕುವುದಕ್ಕೆ ಅವಕಾಶವಿಲ್ಲ.